ಕಾನೂನು ಪಾಸಾಯಿತು, ಮತ ಹಾಕಿದವರ ಹೆಸರಿಲ್ಲ

2023ರ ಡಿಸೆಂಬರ್ 21ರಂದು ಲೋಕಸಭೆ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮುಖ್ಯ ಚುನಾವಣಾ ಆಯುಕ್ತರನ್ನು ಮತ್ತು ಉಳಿದ ಆಯುಕ್ತರನ್ನು ಯಾರು ಆರಿಸಬೇಕು ಎಂದು ತೀರ್ಮಾನಿಸುವ ಮಸೂದೆ ಅದು. ಆ ವರ್ಷ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿತ್ತು. ಸಂಸತ್ತು ಕಾನೂನು ಮಾಡುವ ತನಕ ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕ ಮತ್ತು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸೇರಿ ಆಯ್ಕೆ ಮಾಡಲಿ ಎಂದಿತ್ತು. ಸಂಸತ್ತು ಕಾನೂನನ್ನೇನೋ ಮಾಡಿತು. ಆದರೆ ಮುಖ್ಯ ನ್ಯಾಯಮೂರ್ತಿಯನ್ನು ಕೈಬಿಟ್ಟು, ಆ ಕುರ್ಚಿಯಲ್ಲಿ ಪ್ರಧಾನಿ ಹೆಸರಿಸುವ ಒಬ್ಬ ಕೇಂದ್ರ ಸಚಿವರನ್ನು ಕೂರಿಸಿತು. ಈಗ ಮೂವರಲ್ಲಿ ಇಬ್ಬರು ಸರ್ಕಾರದವರೇ.

ಇದರ ಪರಿಣಾಮ ಮೂರೇ ತಿಂಗಳಲ್ಲಿ ಕಾಣಿಸಿತು. 2024ರ ಮಾರ್ಚ್ 14ರಂದು ಇಬ್ಬರು ಆಯುಕ್ತರನ್ನು ಆರಿಸಲು ಸಮಿತಿ ಸೇರಿತು. ಲೋಕಸಭೆಯಲ್ಲಿ ಆಗ ಕಾಂಗ್ರೆಸ್ ನಾಯಕರಾಗಿದ್ದ ಅಧೀರ್ ರಂಜನ್ ಚೌಧರಿ ಹೊರಗೆ ಬಂದು ಹೇಳಿದ್ದಿಷ್ಟು: ಹಿಂದಿನ ರಾತ್ರಿ ಕೈಗೆ 212 ಹೆಸರುಗಳ ಪಟ್ಟಿ ಸಿಕ್ಕಿತ್ತು, ಅದರಿಂದ ಸೋಸಿದ ಆರು ಹೆಸರುಗಳು ಸಿಕ್ಕಿದ್ದು ಸಭೆಗೆ ಹತ್ತು ನಿಮಿಷ ಮೊದಲು. ಹತ್ತು ನಿಮಿಷದಲ್ಲಿ ಆರು ಜನರ ಪೂರ್ವಾಪರ ಯಾರು ತಾನೇ ನೋಡಲು ಸಾಧ್ಯ? ನೋಡಿದ್ದರೂ ಎರಡು ಮತದ ಮುಂದೆ ಒಂದು ಮತ ಏನೂ ಮಾಡುವಂತಿರಲಿಲ್ಲ.

ಈ ಕಾನೂನು ಸರಿಯೋ ತಪ್ಪೋ ಎಂಬ ವಾದವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಆಯ್ಕೆ ಸಮಿತಿ ಹೇಗಿರಬೇಕು ಎಂದು ತೀರ್ಮಾನಿಸುವ ಹಕ್ಕು ಸಂಸತ್ತಿಗೆ ಇದೆ ಎನ್ನುವವರ ಮಾತಲ್ಲೂ ಹುರುಳಿದೆ. ನನ್ನ ಪ್ರಶ್ನೆ ಇನ್ನೂ ಸಣ್ಣದು. ಆ ದಿನ ನಿಮ್ಮ ಕ್ಷೇತ್ರದ ಎಂಪಿ ಇದಕ್ಕೆ ಹೌದು ಎಂದರೋ, ಇಲ್ಲ ಎಂದರೋ, ಊಟಕ್ಕೆ ಹೋಗಿದ್ದರೋ? ಸಂಸತ್ತಿನ ದಾಖಲೆಗಳನ್ನೆಲ್ಲ ಜಾಲಾಡಿದರೂ ಉತ್ತರ ಸಿಗುವುದಿಲ್ಲ. ಮಸೂದೆ ಪಾಸಾದದ್ದು ಧ್ವನಿಮತದಿಂದ.

ಕರ್ನಾಟಕದ ಮಟ್ಟಿಗೆ ಆ ದಿನಕ್ಕೆ ಇನ್ನೊಂದು ಮುಖ ಇದೆ. 2019ರಲ್ಲಿ ಇಲ್ಲಿಂದ ಗೆದ್ದ 28 ಜನರಲ್ಲಿ 25 ಮಂದಿ ಬಿಜೆಪಿಯವರು. ಕಾಂಗ್ರೆಸ್‌ನಿಂದ ಗೆದ್ದವರು ಬೆಂಗಳೂರು ಗ್ರಾಮಾಂತರದ ಡಿ.ಕೆ. ಸುರೇಶ್ ಒಬ್ಬರೇ. ಅವರನ್ನೂ ಅದೇ ಡಿಸೆಂಬರ್ 21ರಂದು ಸದನದಿಂದ ಅಮಾನತು ಮಾಡಲಾಯಿತು. ಡಿಸೆಂಬರ್ 13ರಂದು ಇಬ್ಬರು ಲೋಕಸಭೆಯೊಳಗೆ ನುಗ್ಗಿದ್ದ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರು ಹೇಳಿಕೆ ಕೊಡಲಿ ಎಂದು ವಿರೋಧ ಪಕ್ಷಗಳು ಪಟ್ಟು ಹಿಡಿದಿದ್ದ ಸಮಯ ಅದು. (ಒಳಗೆ ನುಗ್ಗಿದವರಲ್ಲಿ ಒಬ್ಬರಿಗೆ ಪಾಸ್ ಸಿಕ್ಕಿದ್ದು ಅಂದಿನ ಮೈಸೂರು ಸಂಸದರ ಕಚೇರಿಯಿಂದ ಎಂಬುದು ನಿಮಗೆ ನೆನಪಿರಬಹುದು.) ಆ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸದಸ್ಯರು ಅಮಾನತಾದರು. ಚುನಾವಣಾ ಆಯೋಗವನ್ನು ಯಾರು ಕಟ್ಟಬೇಕು ಎಂಬ ಕಾನೂನು ಅರ್ಧ ಖಾಲಿ ವಿರೋಧ ಪಕ್ಷದ ಬೆಂಚುಗಳ ಮುಂದೆ, ಯಾರ ಹೆಸರೂ ದಾಖಲಾಗದೆ ಪಾಸಾಯಿತು.

ಧ್ವನಿಮತ ಹೇಗೆ ನಡೆಯುತ್ತದೆ ಅಂತ ಟಿವಿಯಲ್ಲಿ ನೋಡಿರುತ್ತೀರಿ. ಪರ ಇರುವವರು ಹೌದು ಎನ್ನಿ, ವಿರುದ್ಧ ಇರುವವರು ಇಲ್ಲ ಎನ್ನಿ ಎಂದು ಪೀಠದಿಂದ ಕೇಳುತ್ತಾರೆ. ಎರಡೂ ಕಡೆಯಿಂದ ಕೂಗು ಬರುತ್ತದೆ. ಹೌದು ಎಂದವರೇ ಜಾಸ್ತಿ ಇದ್ದಂತಿದೆ ಎಂದು ಪೀಠದಲ್ಲಿದ್ದವರು ಘೋಷಿಸುತ್ತಾರೆ. ಮುಗಿಯಿತು. ಗಲಾಟೆ ಇದ್ದ ದಿನ ಯಾರು ಮಸೂದೆಗೆ ಕೂಗಿದರು, ಯಾರು ಸುಮ್ನೆ ಘೋಷಣೆ ಕೂಗಿದರು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ದಾರಿ ಇದೆ. ಅದು ಮತವಿಭಜನೆ. ಸದಸ್ಯರೊಬ್ಬರು ಫಲಿತಾಂಶವನ್ನು ಒಪ್ಪದೆ ಮತವಿಭಜನೆ ಕೇಳಿದರೆ ಮೂರೂವರೆ ನಿಮಿಷ ಗಂಟೆ ಬಾರಿಸುತ್ತಾರೆ. ಹೊರಗಿದ್ದವರು ಓಡಿ ಬರುತ್ತಾರೆ. ಬಾಗಿಲು ಹಾಕುತ್ತಾರೆ. ಪ್ರತಿಯೊಬ್ಬರೂ ತಮ್ಮ ಸೀಟಿನಿಂದಲೇ ಗುಂಡಿ ಒತ್ತುತ್ತಾರೆ. ಹೌದು ಎನ್ನಲು ಹಸಿರು, ಇಲ್ಲ ಎನ್ನಲು ಕೆಂಪು, ತಟಸ್ಥ ಎನ್ನಲು ಹಳದಿ. ಯಾರು ಯಾವುದನ್ನು ಒತ್ತಿದರು ಎಂಬುದು ಹೆಸರು ಸಮೇತ ಕಲಾಪದ ದಾಖಲೆಗೆ ಹೋಗುತ್ತದೆ. ಇದು ಹೊಸ ತಂತ್ರಜ್ಞಾನವೇನೂ ಅಲ್ಲ. ಲೋಕಸಭೆಗೆ ಇಂಥ ಯಂತ್ರ ಬಂದದ್ದು 1957ರಲ್ಲೇ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ 2023ರ ಸೆಪ್ಟೆಂಬರ್ 20 ನೋಡಿ. ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತ ಪರ, 2 ಮತ ವಿರುದ್ಧ. ಆ ಇಬ್ಬರು ಯಾರು? ಎಐಎಂಐಎಂನ ಅಸಾದುದ್ದೀನ್ ಓವೈಸಿ ಮತ್ತು ಇಮ್ತಿಯಾಜ್ ಜಲೀಲ್. ಇಡೀ ದೇಶಕ್ಕೆ ಗೊತ್ತು. ಯಾಕೆ ವಿರುದ್ಧ ಹಾಕಿದಿರಿ ಎಂದು ಅವರನ್ನು ಕೇಳಿದರು, ಒಬಿಸಿ ಮತ್ತು ಮುಸ್ಲಿಂ ಮಹಿಳೆಯರಿಗೆ ಒಳಮೀಸಲಾತಿ ಇಲ್ಲ ಎಂದು ಅವರು ಉತ್ತರ ಕೊಟ್ಟರು. ಒಪ್ಪುವುದು ಬಿಡುವುದು ಬೇರೆ ಮಾತು. ಪ್ರಶ್ನೆ ಕೇಳಲು ಒಂದು ಹೆಸರಿತ್ತು, ಉತ್ತರ ಕೊಡಲು ಒಬ್ಬ ಮನುಷ್ಯ ಇದ್ದ. ಅದು ಸಂವಿಧಾನ ತಿದ್ದುಪಡಿಯಾಗಿದ್ದರಿಂದ ಮೂರನೇ ಎರಡರಷ್ಟು ಬಹುಮತ ಎಣಿಸಿ ತೋರಿಸಲೇಬೇಕಿತ್ತು. ಹಾಗಾಗಿ ಹೆಸರುಗಳು ಸಿಕ್ಕವು. ಸಾಮಾನ್ಯ ಕಾನೂನಿಗೆ ಅಂಥ ಕಡ್ಡಾಯ ಇಲ್ಲ. ನಮ್ಮ ಚುನಾವಣೆ ನಡೆಸುವ ಕಾನೂನುಗಳೋ, ಬಹುಪಾಲು ಸಾಮಾನ್ಯ ಕಾನೂನುಗಳೇ.

ಹಾಗಾದರೆ ಮತವಿಭಜನೆ ಕೇಳಿದರೆ ಸಿಕ್ಕೇ ಸಿಗುತ್ತದೆಯೇ? ಅದೂ ಗ್ಯಾರಂಟಿ ಇಲ್ಲ. ಲೋಕಸಭೆಯ ನಿಯಮ 367ರಲ್ಲಿ ಒಂದು ಸಣ್ಣ ಕಿಂಡಿ ಇದೆ. ಅಗತ್ಯವಿಲ್ಲದೆ ಕೇಳುತ್ತಿದ್ದಾರೆ ಎಂದು ಸ್ಪೀಕರ್‌ಗೆ ಅನ್ನಿಸಿದರೆ, ಪರ ಇರುವವರನ್ನೂ ವಿರುದ್ಧ ಇರುವವರನ್ನೂ ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು. ಹಾಗೆ ಎಣಿಸಿದಾಗ ಹೆಸರು ದಾಖಲಿಸುವುದಿಲ್ಲ ಎಂದು ನಿಯಮವೇ ಹೇಳುತ್ತದೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳ ಮೇಲೆ ವಿರೋಧ ಪಕ್ಷಗಳು ಮತವಿಭಜನೆ ಕೇಳಿದವು. ಸಿಗಲಿಲ್ಲ. ಕೇಳುವವರು ತಮ್ಮ ಸೀಟಿನಲ್ಲಿ ಇರಲಿಲ್ಲ ಎಂದು ಉಪಸಭಾಪತಿ ಆಮೇಲೆ ವಿವರಣೆ ಕೊಟ್ಟರು. ಮರುದಿನ ಎಂಟು ಸದಸ್ಯರು ಅಮಾನತಾದರು. ಅವರಲ್ಲಿ ಕರ್ನಾಟಕದಿಂದ ಆಯ್ಕೆಯಾದ ಸೈಯದ್ ನಾಸಿರ್ ಹುಸೇನ್ ಕೂಡ ಒಬ್ಬರು.

ಈಗ ಮತದಾರರ ಪಟ್ಟಿಯ ವಿಷಯಕ್ಕೆ ಬರೋಣ. ಎಪಿಕ್ ಕಾರ್ಡಿಗೆ, ಅಂದರೆ ಮತದಾರರ ಗುರುತಿನ ಚೀಟಿಗೆ, ಆಧಾರ್ ಜೋಡಿಸಲು ದಾರಿ ಮಾಡಿದ ಮಸೂದೆ 2021ರ ಡಿಸೆಂಬರ್ 20ರಂದು ಲೋಕಸಭೆಯಲ್ಲಿ ಮಂಡನೆಯಾಯಿತು. ಅದೇ ದಿನ ಪಾಸೂ ಆಯಿತು. ಮರುದಿನ ರಾಜ್ಯಸಭೆಯಲ್ಲಿ ಧ್ವನಿಮತದಿಂದ ಮುಗಿಯಿತು. ಎರಡು ದಿನಕ್ಕೆ ಎರಡು ಸದನ. ಮಸೂದೆಯನ್ನು ಕೂಲಂಕಷವಾಗಿ ನೋಡುವ ಸಂಸದರ ಸ್ಥಾಯಿ ಸಮಿತಿಗೆ ಕಳಿಸಿ ಎಂಬ ಬೇಡಿಕೆಯನ್ನು ಸರ್ಕಾರ ಒಪ್ಪಲಿಲ್ಲ. ವರ್ಷಕ್ಕೆ ಒಂದರ ಬದಲು ನಾಲ್ಕು ಅರ್ಹತಾ ದಿನಾಂಕ ಕೊಟ್ಟು, 18 ತುಂಬಿದವರು ಬೇಗ ಹೆಸರು ಸೇರಿಸಲು ಅನುಕೂಲ ಮಾಡಿದ್ದೂ ಇದೇ ಕಾನೂನು. ಅದು ಒಳ್ಳೆಯ ಬದಲಾವಣೆ, ಒಪ್ಪಬೇಕು. ಆದರೆ ಆಧಾರ್ ಭಾಗ ಹೇಗೆ ಜಾರಿಯಾಯಿತು ನೋಡಿ. ಕೊಡುವುದು ಸ್ವಇಚ್ಛೆಯದು ಎಂದು ಸದನದಲ್ಲಿ ಹೇಳಿದರು. ಕಾನೂನಿನ ಕೆಳಗೆ ಬಂದ ಫಾರಂ 6ಬಿಯಲ್ಲಿ ಮಾತ್ರ ಇದ್ದದ್ದು ಎರಡೇ ಆಯ್ಕೆ. ಒಂದೋ ಆಧಾರ್ ನಂಬರ್ ಬರೆಯಬೇಕು, ಇಲ್ಲವೇ ನನ್ನ ಬಳಿ ಆಧಾರ್ ಇಲ್ಲ ಎಂದು ಟಿಕ್ ಹಾಕಬೇಕು. ಇದೆ, ಆದರೆ ಕೊಡಲು ಇಷ್ಟವಿಲ್ಲ ಎನ್ನುವವರಿಗೆ ಜಾಗವೇ ಇರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆಯೋಗ, ಇದು ಕಡ್ಡಾಯವಲ್ಲ, ಫಾರಂನಲ್ಲಿ ಸ್ಪಷ್ಟಪಡಿಸುತ್ತೇವೆ ಎಂದಿತು. ಆ ಹೊತ್ತಿಗೆ 66 ಕೋಟಿಗೂ ಹೆಚ್ಚು ಆಧಾರ್ ನಂಬರುಗಳು ಅಪ್‌ಲೋಡ್ ಆಗಿದ್ದವು.

ಮಸೂದೆ ಸಮಿತಿಗೆ ಹೋಗಿದ್ದರೆ ಈ ಬಗೆಯ ಲೋಪ ಅಲ್ಲೇ ಸಿಕ್ಕುವ ಸಾಧ್ಯತೆ ಇತ್ತು. ಹದಿನೈದನೇ ಲೋಕಸಭೆಯಲ್ಲಿ ಶೇ. 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. ಹದಿನೇಳನೆಯದರಲ್ಲಿ ಶೇ. 16ರಷ್ಟು.

ಮತದಾರರ ಪಟ್ಟಿ ಅಂದರೆ ಬರೀ ಕಾಗದ ಅನ್ನಿಸಿದರೆ ಕಲಬುರಗಿ ಜಿಲ್ಲೆಯ ಆಳಂದವನ್ನು ನೆನಪಿಸಿಕೊಳ್ಳಿ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಸಲು ಫಾರಂ 7ರಲ್ಲಿ 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು 24, ಉಳಿದ 5,994 ಸರಿಯಿಲ್ಲ ಎಂದು ಆಯೋಗವೇ ಹೇಳಿದೆ. ಹೆಸರುಗಳು ಉಳಿದವು, ಎಫ್‌ಐಆರ್ ಆಯಿತು. ಅರ್ಜಿ ಹಾಕಿದವರು ಯಾರು ಎಂಬುದರ ಮೇಲಿನ ರಾಜಕೀಯ ಜಗಳ 2025ರಲ್ಲಿ ದೆಹಲಿಯವರೆಗೆ ಹೋಯಿತು. ಆ ವರ್ಷ ಡಿಸೆಂಬರ್‌ನಲ್ಲಿ ಲೋಕಸಭೆ ಎರಡು ದಿನ ಚುನಾವಣಾ ಸುಧಾರಣೆಯ ಬಗ್ಗೆ ಚರ್ಚೆಯನ್ನೂ ಮಾಡಿತು. ಭಾಷಣಗಳು ಜೋರಾಗಿದ್ದವು. ಗೃಹ ಸಚಿವರು ಉತ್ತರ ಕೊಡುವಾಗ ವಿರೋಧ ಪಕ್ಷದವರು ಎದ್ದು ಹೊರಗೆ ಹೋದರು. ಮತಕ್ಕೆ ಹಾಕುವಂಥ ನಿರ್ಣಯ ಯಾವುದೂ ಇರಲಿಲ್ಲ.

ಈ ಎದ್ದು ಹೋಗುವ ಚಾಳಿ ಬಗ್ಗೆ ಒಂದು ಮಾತು. ಆಯುಕ್ತರ ನೇಮಕದ ಮಸೂದೆ ರಾಜ್ಯಸಭೆಗೆ ಬಂದಾಗಲೂ ವಿರೋಧ ಪಕ್ಷಗಳು ಸಭಾತ್ಯಾಗ ಮಾಡಿದವು. ಸಭಾತ್ಯಾಗ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ದಾಖಲೆಯಲ್ಲಿ ಮಾತ್ರ ಅದು ಸೊನ್ನೆ. ಸೋಲುವುದು ಗೊತ್ತಿದ್ದರೂ ಕೂತು, ಮತವಿಭಜನೆ ಕೇಳಿ, ಕೆಂಪು ಗುಂಡಿ ಒತ್ತಿ ಸೋಲುವವರು ನನಗೆ ಜಾಸ್ತಿ ಕೆಲಸ ಮಾಡಿದವರಂತೆ ಕಾಣುತ್ತಾರೆ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಪಕ್ಷಗಳು ಜಗಳವಾಡಿದ ಮಸೂದೆಗಳಲ್ಲ, ಎಲ್ಲರೂ ಒಟ್ಟಾಗಿ ಸುಮ್ಮನಾದ ಮಸೂದೆಗಳು.

2002ರ ಕಥೆ ಕೇಳಿ. ಅಭ್ಯರ್ಥಿಗಳು ತಮ್ಮ ಕ್ರಿಮಿನಲ್ ಕೇಸು, ಆಸ್ತಿ, ಓದು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಹೇಳಬೇಕು ಎಂದು ಆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೇಸು ಹಾಕಿದ್ದು ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಸಂಸ್ಥೆ. ಅದನ್ನು ಕಟ್ಟಿದ ಪ್ರಾಧ್ಯಾಪಕರಲ್ಲಿ ಒಬ್ಬರಾದ ತ್ರಿಲೋಚನ್ ಶಾಸ್ತ್ರಿ ಆಮೇಲೆ ಬೆಂಗಳೂರಿನ ಐಐಎಂನಲ್ಲಿ ಪಾಠ ಮಾಡಿದವರು. ತೀರ್ಪು ಬಂದದ್ದೇ ತಡ, ಬೇರೆಲ್ಲದರಲ್ಲೂ ಕಚ್ಚಾಡುವ ಪಕ್ಷಗಳು ಸರ್ವಪಕ್ಷ ಸಭೆಯಲ್ಲಿ ಒಂದಾದವು. ತೀರ್ಪನ್ನು ಸಡಿಲಗೊಳಿಸುವ ಸುಗ್ರೀವಾಜ್ಞೆ ಸಿದ್ಧವಾಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಒಮ್ಮೆ ವಾಪಸ್ ಕಳಿಸಿದರು. ಸರ್ಕಾರ ಅದನ್ನೇ ಮತ್ತೆ ಕಳಿಸಿತು, ಸಹಿ ಬಿತ್ತು. ಆಮೇಲೆ ಸಂಸತ್ತು ಕಾನೂನನ್ನೂ ಮಾಡಿತು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗವನ್ನು ರದ್ದು ಮಾಡಿತು. ಇವತ್ತು ನಿಮ್ಮ ಅಭ್ಯರ್ಥಿಯ ಮೇಲೆ ಎಷ್ಟು ಕೇಸಿದೆ ಅಂತ ಮೊಬೈಲಲ್ಲಿ ನೋಡಬಹುದು ಎಂದರೆ ಅದು ಸಂಸತ್ತು ಕೊಟ್ಟದ್ದಲ್ಲ, ಸಂಸತ್ತು ಬೇಡ ಎಂದದ್ದು.

ಇನ್ನೊಂದು 2018ರದ್ದು. ವಿದೇಶಿ ಮೂಲದ ದೇಣಿಗೆ ಪಡೆದು ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ಕಾನೂನು ಮುರಿದಿವೆ ಎಂದು ದೆಹಲಿ ಹೈಕೋರ್ಟ್ 2014ರಲ್ಲಿ ಹೇಳಿತ್ತು. 2018ರ ಹಣಕಾಸು ಮಸೂದೆಯ ಒಳಗೆ ಒಂದು ಸಾಲು ಸೇರಿತು. ವಿದೇಶಿ ಮೂಲ ಎಂಬುದರ ಅರ್ಥವನ್ನೇ 1976ರಿಂದ ಪೂರ್ವಾನ್ವಯವಾಗಿ ಬದಲಿಸುವ ಸಾಲು ಅದು. 42 ವರ್ಷದ ಹಿಂದಿನ ತನಕ ತಪ್ಪೆಲ್ಲ ತೊಳೆದುಹೋಯಿತು. ಮಾರ್ಚ್ ತಿಂಗಳ ಗದ್ದಲದ ನಡುವೆ ಲೋಕಸಭೆ ಇಡೀ ಮಸೂದೆಯನ್ನು ಚರ್ಚೆಯಿಲ್ಲದೆ ಪಾಸು ಮಾಡಿತು. ಎರಡೂ ದೊಡ್ಡ ಪಕ್ಷಗಳಿಗೆ ಲಾಭ ಇರುವ ಸಾಲಿನ ಮೇಲೆ ಮತವಿಭಜನೆ ಕೇಳುವವರು ಯಾರು?

ನಮ್ಮ ವ್ಯವಸ್ಥೆಯ ದೊಡ್ಡ ತೂತು ಇಲ್ಲೇ ಇದೆ. ಹೆಸರು ದಾಖಲಾಗಬೇಕಾದರೆ ಸದನದ ಒಳಗಿನವರೊಬ್ಬರು ಕೇಳಬೇಕು. ಪಕ್ಷಗಳು ಜಗಳವಾಡಿದಾಗ ಕೇಳುತ್ತಾರೆ. ಕೈ ಕೈ ಹಿಡಿದಾಗ ಕೇಳುವುದಿಲ್ಲ. ಅಂದರೆ ಮತದಾರರಿಗೆ ದಾಖಲೆ ಯಾವಾಗ ತೀರಾ ಬೇಕೋ ಆಗಲೇ ಅದು ಇರುವುದಿಲ್ಲ. ಕೊಂಡವರ ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಎಲೆಕ್ಟೋರಲ್ ಬಾಂಡ್ ಹುಟ್ಟಿದ್ದೂ 2017ರ ಹಣಕಾಸು ಮಸೂದೆಯ ಹೊಟ್ಟೆಯಲ್ಲಿ. ರಾಜ್ಯಸಭೆ ಆ ಮಸೂದೆಗೆ ಐದು ತಿದ್ದುಪಡಿ ಮಾಡಿ ಕಳಿಸಿತ್ತು, ಕಂಪನಿಗಳ ದೇಣಿಗೆಗೆ ಮಿತಿ ಹಾಕುವುದೂ ಅದರಲ್ಲಿತ್ತು. ಹಣದ ಮಸೂದೆಯಲ್ಲಿ ರಾಜ್ಯಸಭೆಯ ಮಾತನ್ನು ಒಪ್ಪಲೇಬೇಕೆಂದಿಲ್ಲ, ಹಾಗಾಗಿ ಲೋಕಸಭೆ ಮರುದಿನವೇ ಎಲ್ಲವನ್ನೂ ತಳ್ಳಿಹಾಕಿತು. ಸುಮಾರು 16,518 ಕೋಟಿ ರೂಪಾಯಿಯ ಬಾಂಡ್ ಮಾರಾಟವಾದ ಮೇಲೆ, 2024ರ ಫೆಬ್ರುವರಿ 15ರಂದು, ಸುಪ್ರೀಂ ಕೋರ್ಟ್ ಯೋಜನೆಯನ್ನು ರದ್ದು ಮಾಡಿತು. ಆಗಷ್ಟೇ ಕೊಂಡವರ ಹೆಸರು ಹೊರಬಂತು.

ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಇದ್ದ ಮೇಲೆ ಹೆಸರು ಗೊತ್ತಾಗಿ ಏನು ಪ್ರಯೋಜನ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಮೀರಿ ಮತ ಹಾಕಿದರೆ, ಅಥವಾ ಹಾಕದೆ ಉಳಿದರೆ, ಪಕ್ಷ 15 ದಿನದೊಳಗೆ ಕ್ಷಮಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಪಕ್ಷದಿಂದ ಪಕ್ಷಕ್ಕೆ ಜಿಗಿಯುವ ಆಯಾರಾಂ ಗಯಾರಾಂಗಳನ್ನು ತಡೆಯಲು ಬಂದ ಕಾನೂನು ಇದು. ತಡೆಯಿತಾ? 2019ರಲ್ಲಿ ನಮ್ಮ 17 ಶಾಸಕರು ಅನರ್ಹರಾಗಿ, ಉಪಚುನಾವಣೆಗೆ ನಿಂತು, ಹೆಚ್ಚಿನವರು ಗೆದ್ದು ಬಂದದ್ದನ್ನು ನೋಡಿದ್ದೇವಲ್ಲ. ದೊಡ್ಡ ಪಕ್ಷಾಂತರಕ್ಕೆ ದಾರಿ ಸಿಗುತ್ತದೆ. ಒಂದು ಮಸೂದೆ ಸರಿಯಿಲ್ಲ ಎಂದು ಒಬ್ಬ ಎಂಪಿ ಪ್ರಾಮಾಣಿಕವಾಗಿ ಹೇಳುವುದಕ್ಕೆ ಮಾತ್ರ ದಾರಿ ಇಲ್ಲ. ವಿಶ್ವಾಸಮತದಂಥ ಸಂದರ್ಭಕ್ಕಷ್ಟೇ ಈ ಶಿಕ್ಷೆ ಇರಲಿ ಎಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಸರ್ಕಾರ ಬೀಳುವ ಪ್ರಸಂಗ ಇದ್ದಾಗ ಮಾತ್ರ ವಿಪ್ ಕೊಡಿ ಎಂದು 1999ರಲ್ಲಿ ಕಾನೂನು ಆಯೋಗವೂ ಹೇಳಿತು. ಕಾಂಗ್ರೆಸ್‌ನ ಮನೀಶ್ ತಿವಾರಿ ಇದೇ ಆಶಯದ ಖಾಸಗಿ ಮಸೂದೆಯನ್ನು (ಸಚಿವರಲ್ಲದ ಸದಸ್ಯರು ತರುವ ಮಸೂದೆ) ಒಂದಕ್ಕಿಂತ ಹೆಚ್ಚು ಸಲ ತಂದಿದ್ದಾರೆ. ಖಾಸಗಿ ಮಸೂದೆ ಕಾನೂನಾಗಿ ಕೊನೆಯ ಸಲ ಪಾಸಾದದ್ದು 1970ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಅದರ ಗತಿ ಊಹಿಸಬಹುದು.

ಇಲ್ಲೊಂದು ತಮಾಷೆ ಇದೆ. ರಾಜ್ಯಸಭೆಗೆ ಆಯ್ಕೆ ಮಾಡುವಾಗ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2003ರ ತಿದ್ದುಪಡಿ ಇದು. 2024ರ ಫೆಬ್ರುವರಿ 27ರಂದು ಯಶವಂತಪುರದ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದ್ದು, ಯಲ್ಲಾಪುರದ ಶಿವರಾಮ ಹೆಬ್ಬಾರ್ ಮತ ಹಾಕಲು ಬಾರದೇ ಇದ್ದದ್ದು ಪಕ್ಷಕ್ಕೆ ಸಂಜೆಯೊಳಗೆ ಗೊತ್ತಿತ್ತು. ಮುಂದೆ ಇಬ್ಬರನ್ನೂ ಬಿಜೆಪಿ ಉಚ್ಚಾಟಿಸಿತು. ಪ್ರತಿನಿಧಿ ಹೇಗೆ ಮತ ಹಾಕಿದ ಎಂದು ಇಣುಕಿ ನೋಡುವ ಹಕ್ಕು ಪಕ್ಷಕ್ಕೆ ಕಾನೂನಿನಲ್ಲೇ ಇದೆ. ಅವನನ್ನು ಕಳಿಸಿದ ಜನರಿಗೆ ಇಲ್ಲ.

ಹಾಗಾಗಿ ವಿಪ್ ಇದ್ದರೂ ಹೆಸರು ಬೇಕು ಎಂಬುದು ನನ್ನ ವಾದ. ಪಕ್ಷ ಹೇಳಿತು, ಹಾಕಿದೆ ಎಂದಾದರೂ ಎಂಪಿ ಜನರ ಎದುರು ಹೇಳಬೇಕಾಗುತ್ತದೆ. ಆ ಒಂದು ವಾಕ್ಯ ಊರ ಸಭೆಯಲ್ಲಿ ಹೇಳುವುದು ಅಷ್ಟು ಸುಲಭವಲ್ಲ.

ಅಮೆರಿಕದಲ್ಲಿ ಇದು ಬೇರೆ ರೀತಿ. ಅಲ್ಲಿನ ಸದನದಲ್ಲಿ ಹಾಜರಿರುವವರಲ್ಲಿ ಐದನೇ ಒಂದು ಭಾಗ ಕೇಳಿದರೆ ಹೆಸರು ಸಮೇತ ಮತ ದಾಖಲಿಸಲೇಬೇಕು ಎಂದು ಸಂವಿಧಾನದಲ್ಲೇ ಇದೆ. 2022ರ ಜನವರಿ 19ರಂದು ಮತದಾನದ ಹಕ್ಕಿನ ದೊಡ್ಡ ಮಸೂದೆಯನ್ನು ಪಾಸು ಮಾಡಲು ಸೆನೆಟ್‌ನ ನಿಯಮ ಬದಲಿಸುವ ಪ್ರಯತ್ನ 48–52ರಲ್ಲಿ ಬಿದ್ದುಹೋಯಿತು. ಡೆಮಾಕ್ರಟಿಕ್ ಪಕ್ಷದ ಜೋ ಮ್ಯಾಂಚಿನ್ ಮತ್ತು ಕಿರ್ಸ್ಟನ್ ಸಿನೆಮಾ ತಮ್ಮ ಪಕ್ಷದ ವಿರುದ್ಧ ಮತ ಹಾಕಿದ್ದರು. ಮೂರೇ ದಿನದಲ್ಲಿ ಅರಿಜೋನಾದ ಪಕ್ಷದ ಘಟಕ ಸಿನೆಮಾ ವಿರುದ್ಧ ಖಂಡನಾ ನಿರ್ಣಯ ಮಾಡಿತು. ಅವರು ಆಮೇಲೆ ಪಕ್ಷ ಬಿಟ್ಟರು, 2024ರಲ್ಲಿ ಸ್ಪರ್ಧಿಸಲೂ ಇಲ್ಲ. ಅವರ ಸೀಟು ಮಾತ್ರ ಆ ಮತದಿಂದ ಹೋಗಲಿಲ್ಲ, ಅವಧಿ ಮುಗಿಯುವ ತನಕ ಸೆನೆಟರ್ ಆಗಿಯೇ ಇದ್ದರು. ಮಸೂದೆ ಪಾಸಾಗಲಿಲ್ಲ ನಿಜ, ದಾಖಲೆ ಇದ್ದ ಮಾತ್ರಕ್ಕೆ ಸುಧಾರಣೆ ಆಗಿಬಿಡುವುದಿಲ್ಲ. ಆದರೆ ಯಾರಿಂದ ನಿಂತಿತು ಎಂಬ ಬಗ್ಗೆ ಅಲ್ಲಿ ಗೊಂದಲ ಇರಲಿಲ್ಲ.

ಅಲ್ಲಿ, ದುಬೈಯಲ್ಲಿ, ಸಿಂಗಪುರದಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇರುವ ಕನ್ನಡಿಗರಿಗೆ ಇದರ ಬಿಸಿ ನೇರವಾಗಿಯೇ ತಟ್ಟಿದೆ. 2010ರ ತಿದ್ದುಪಡಿಯಿಂದ ಅವರು ಫಾರಂ 6ಎ ತುಂಬಿ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ವಿಮಾನ ಹತ್ತಿ ಊರಿನ ಬೂತಿಗೇ ಬರಬೇಕು. ಬದಲಿ ವ್ಯಕ್ತಿಯ ಮೂಲಕ ಮತ ಹಾಕುವ ಮಸೂದೆಯನ್ನು ಲೋಕಸಭೆ 2018ರ ಆಗಸ್ಟ್ 9ರಂದು ಪಾಸು ಮಾಡಿತು. ರಾಜ್ಯಸಭೆ ಅದನ್ನು ಎತ್ತಿಕೊಳ್ಳಲೇ ಇಲ್ಲ. 2019ರಲ್ಲಿ ಲೋಕಸಭೆ ವಿಸರ್ಜನೆಯಾಗಿ ಮಸೂದೆ ಸತ್ತುಹೋಯಿತು. ವಿರೋಧಿಸಿದವರು ಯಾರು ಎಂದು ಬೆರಳು ತೋರಿಸಲೂ ಆಗದ ಸಾವು.

ತಪ್ಪು ನಮ್ಮ ಕಡೆಯೂ ಇದೆ. ನಾವು ಎಂಪಿಯನ್ನು ಏನು ಕೇಳುತ್ತೇವೆ? ರೈಲು ನಿಲುಗಡೆ, ಹೈಮಾಸ್ಟ್ ದೀಪ, ಸಮುದಾಯ ಭವನ. ವರ್ಷಕ್ಕೆ 5 ಕೋಟಿಯ ಸಂಸದರ ನಿಧಿಯಲ್ಲಿ ಕಟ್ಟಿದ ಬಸ್ ತಂಗುದಾಣದ ಮೇಲೆ ಹೆಸರು ಎಷ್ಟು ದೊಡ್ಡದಾಗಿ ಇರುತ್ತದೆ ನೋಡಿದ್ದೀರಲ್ಲ, ಊರಿನ ಹೆಸರಿಗಿಂತ ದೊಡ್ಡದು! ಚುನಾವಣೆ ಹೊತ್ತಿಗೆ ಹಂಚುವ ಸಾಧನೆಯ ಕಿರುಹೊತ್ತಿಗೆಯಲ್ಲೂ ಇವೇ ಫೋಟೋಗಳು. ಯಾವ ಕಾನೂನಿಗೆ ಯಾವ ಕಡೆ ನಿಂತೆ ಎಂಬ ಒಂದು ಪುಟ ಅದರಲ್ಲಿ ಕಂಡದ್ದಿಲ್ಲ. ಸಂಸತ್ತಿನ ಕೆಲಸದ ಲೆಕ್ಕ ಇಡುವ ಪಿಆರ್‌ಎಸ್ ಸಂಸ್ಥೆಯ ತಾಣದಲ್ಲಿ ಹಾಜರಿ ಸಿಗುತ್ತದೆ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆಗಳ ಲೆಕ್ಕವೂ ಸಿಗುತ್ತದೆ. ಪತ್ರಿಕೆಗಳು ಅದನ್ನೇ ಹಿಡಿದು ರ್‍ಯಾಂಕ್ ಕೊಡುತ್ತವೆ. 95 ಪರ್ಸೆಂಟ್ ಹಾಜರಿ ಇದ್ದರೆ ಒಳ್ಳೆಯ ಎಂಪಿ. ಶಾಲೆಯಲ್ಲಾದರೂ ಹಾಜರಿಯ ಜೊತೆ ಮಾರ್ಕ್ಸ್ ಕೇಳುತ್ತಾರೆ.

ಮತದ ದಾಖಲೆ ಇಲ್ಲದಿದ್ದರೂ ಕೇಳಲು ಕೆಲವು ಪ್ರಶ್ನೆ ಇವೆ. ಆಯುಕ್ತರ ನೇಮಕದ ಮಸೂದೆ ಬಂದಾಗ ನೀವು ಮಾತಾಡಿದಿರಾ? ತಿದ್ದುಪಡಿ ಸೂಚಿಸಿದಿರಾ? ಮತವಿಭಜನೆ ಕೇಳಿದಿರಾ? ಮೂರಕ್ಕೂ ಉತ್ತರ ಲೋಕಸಭೆಯ ಚರ್ಚೆಯ ಪಠ್ಯದಲ್ಲಿ ಇರುತ್ತದೆ, ಸಂಸತ್ತಿನ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ಹೋಬಳಿ ಮಟ್ಟದ ಒಬ್ಬ ವರದಿಗಾರ ಪತ್ರಿಕಾಗೋಷ್ಠಿಯಲ್ಲಿ ಇದನ್ನು ಕೇಳಿದರೂ ಸಾಕು, ಮುಂದಿನ ಸಲ ಎಂಪಿ ತಯಾರಾಗಿ ಬರುತ್ತಾರೆ.

ಸರಿಪಡಿಸುವುದಕ್ಕೆ ಸಂವಿಧಾನ ಮುಟ್ಟಬೇಕಿಲ್ಲ. ಸದನ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳುತ್ತದೆ, 118ನೇ ವಿಧಿ ಆ ಅಧಿಕಾರ ಕೊಟ್ಟಿದೆ. ಚುನಾವಣೆ, ಮತದಾರರ ಪಟ್ಟಿ, ಪಕ್ಷಗಳ ಹಣ ಈ ಮೂರಕ್ಕೆ ಸಂಬಂಧಿಸಿದ ಮಸೂದೆಯ ಕೊನೆಯ ಮತ ಯಾರೂ ಕೇಳದಿದ್ದರೂ ಹೆಸರು ಸಮೇತ ದಾಖಲಾಗಬೇಕು ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿದರೆ ಆಯಿತು. ಖರ್ಚು ಮೂರೂವರೆ ನಿಮಿಷದ ಗಂಟೆ. ನಿಯಮ ಸಮಿತಿಗೆ ಸ್ಪೀಕರ್ ಅವರೇ ಅಧ್ಯಕ್ಷರು. 2024ರಲ್ಲಿ ಕರ್ನಾಟಕದಿಂದ ಹೋದ ಬಿಜೆಪಿಯ 17, ಕಾಂಗ್ರೆಸ್‌ನ 9, ಜೆಡಿಎಸ್‌ನ 2 ಜನರಲ್ಲಿ ಯಾರಾದರೊಬ್ಬರು ಇದನ್ನು ಬರೆದು ಕೊಡಬಹುದು. ಇದಕ್ಕೆ ವಿಪ್ ಅಡ್ಡ ಬರುವುದಿಲ್ಲ.

ಅಲ್ಲಿಯ ತನಕ ಕೈಯಲ್ಲಿರುವ ಒಂದು ದಾಖಲೆಯನ್ನಾದರೂ ಬಳಸೋಣ. ಒಂದು ದೇಶ ಒಂದು ಚುನಾವಣೆಯ 129ನೇ ತಿದ್ದುಪಡಿ ಮಸೂದೆ 2024ರ ಡಿಸೆಂಬರ್ 17ರಂದು ಮಂಡನೆಯಾದಾಗ ಮತವಿಭಜನೆ ನಡೆಯಿತು. ಮೊದಲು ಯಂತ್ರದ ಲೆಕ್ಕ, ಆಮೇಲೆ ಕಾಗದದ ಚೀಟಿಯಲ್ಲಿ ಹಾಕಿದ ಮತಗಳನ್ನೂ ಸೇರಿಸಿ 269 ಪರ, 198 ವಿರುದ್ಧ. ಮಂಡನೆಗೆ ಇಷ್ಟು ಸಾಕು. ಪಾಸಾಗಲು, ಹಾಜರಿ ಇಷ್ಟೇ ಇದ್ದರೂ, 312 ಬೇಕು. ಆ ದಿನ ಬಾರದೆ ಉಳಿದ 20ಕ್ಕೂ ಹೆಚ್ಚು ತನ್ನ ಸಂಸದರನ್ನು ಬಿಜೆಪಿ ಪಟ್ಟಿ ಮಾಡಿ ನೋಟಿಸ್ ಕೊಡಲು ಹೊರಟಿತ್ತು ಎಂದು ಆಗ ಸುದ್ದಿಯಾಗಿತ್ತು. ಪಕ್ಷ ಅವತ್ತೇ ನೋಡಿದ ಆ ಲೆಕ್ಕ ಲೋಕಸಭೆಯ ಕಲಾಪದಲ್ಲಿ ನಮಗೂ ಇದೆ. ನಿಮ್ಮ ಎಂಪಿಯ ಹೆಸರು 269ರಲ್ಲಿದೆಯೋ, 198ರಲ್ಲಿದೆಯೋ, ಎರಡರಲ್ಲೂ ಇಲ್ಲವೋ ನೋಡಿ, ಅವರು ಮುಂದಿನ ಸಲ ಊರಿಗೆ ಬಂದಾಗ ಯಾಕೆ ಅಂತ ಕೇಳಿ.